ಬಾಗಿಲಲ್ಲಿ ಉಳಿದ ನಾಲ್ಕು ಮೂಲೆಗಳು

ಡಿಸೆಂಬರ್ 8, ಭಾನುವಾರ. ಸೋಫಿಯಾ, ನಮ್ಮ ಮನೆ

ಸೂಟ್‌ಕೇಸ್ ಮೂರನೇ ಸಲ ಬಿಚ್ಚಿದೆ. ಕೆಂಪು ಕೋಟು ಮಡಚಿಟ್ಟರೆ ಬೇರೆ ಯಾವುದಕ್ಕೂ ಜಾಗವಿಲ್ಲ. ಹಾಕಿಕೊಂಡೇ ಹೋಗುತ್ತೇನೆ. ಮಂಜಿನಲ್ಲೂ ಒಂದು ಮೈಲಿಯಿಂದ ನಿನ್ನನ್ನು ಗುರುತಿಸಬಹುದು ಎಂದು ಕಾಮೆನ್ ನಗುತ್ತಾನೆ. ಗುರುತಿಸಲಿ ಎಂದೇ ಅಲ್ಲವೇ ಕೊಂಡಿದ್ದು.

ನಾಳೆಗೆ ಮದುವೆಯಾಗಿ ಇಪ್ಪತ್ತೊಂಬತ್ತು ದಿನ. 'ನನ್ನ ಗಂಡ' ಎಂದು ಬರೆಯುವಾಗ ಇನ್ನೂ ಬೆರಳು ಬೆಚ್ಚಗಾಗುತ್ತದೆ. ನನ್ನ ಗಂಡ, ನನ್ನ ಗಂಡ ಕಾಮೆನ್. ಅವನು ದೋಚೆವ್, ನಾನು ಎಲಿತ್ಸಾ ದೋಚೆವಾ. ಈ ಡೈರಿಯ ಹಿಂದಿನ ಮೂರು ಪುಟ ಪೂರ್ತಿ ಹೊಸ ಸಹಿಯ ಪ್ರ್ಯಾಕ್ಟೀಸ್. 'ದ' ಇನ್ನೂ ಸರಿಯಾಗಿ ಬಾಗುತ್ತಿಲ್ಲ.

ನನ್ನ ಗಂಡ ಏಳು ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ವಾರ ರೂಸೆಗೆ ಹೊರಟಿದ್ದಾನೆ. ಎಂಟನೆಯವಳು ನಾನು. ಬೇರೆ ಮೇಷ್ಟ್ರುಗಳು ಊರಿನ ಇತಿಹಾಸವನ್ನು ಮ್ಯೂಸಿಯಮ್ಮಿನಲ್ಲಿ ಹುಡುಕಿದರೆ ಇವನು ಮನೆ ಬಾಗಿಲುಗಳ ಮೇಲೆ ಹುಡುಕುತ್ತಾನೆ. ಸಾವಿನ ಕಾಗದಗಳಲ್ಲಿ. ಯಾರೇ ಸತ್ತರೂ ಬಾಗಿಲಿಗೆ, ಮರಕ್ಕೆ, ಬಸ್‌ಸ್ಟಾಪಿಗೆ ನಾವು ಅಂಟಿಸುತ್ತೇವಲ್ಲ — ಫೋಟೋ, ವಯಸ್ಸು, ಕೆಲಸ, ಕೆಳಗೆ ದುಃಖತಪ್ತರ ಹೆಸರು. ಸತ್ತ ದಿನ ಒಂದು, ನಲವತ್ತನೇ ದಿನಕ್ಕೆ ಒಂದು, ಆಮೇಲೆ ವರ್ಷ ವರ್ಷ. ಚಿಕ್ಕಂದಿನಿಂದ ಅವುಗಳ ಪಕ್ಕದಲ್ಲೇ ಓಡಾಡಿದ್ದೇನೆ, ಒಂದನ್ನೂ ಓದಿಲ್ಲ. ಒಂದು ಬೀದಿಯ ಕಾಗದಗಳನ್ನೆಲ್ಲ ಓದಿದರೆ ಅಲ್ಲಿ ಯಾರಿದ್ದರು, ಏನು ಮಾಡುತ್ತಿದ್ದರು, ಅಳಲು ಯಾರು ಉಳಿದರು, ಎಲ್ಲ ಗೊತ್ತಾಗುತ್ತದೆ ಎನ್ನುತ್ತಾನೆ. ಹೇಳುವಾಗ ಎಷ್ಟು ಚೆನ್ನಾಗಿ ಕಾಣುತ್ತಾನೆ. ಹುಡುಗರು ತೆಗೆದ ಫೋಟೋಗಳಿಗೆ ನಂಬರ್ ಹಾಕುವುದು ನನ್ನ ಕೆಲಸ. ಸಂಬಳ ಮುತ್ತುಗಳಲ್ಲಿ.

ಒಂದೆರಡು ವಿಷಯ ಮಾತ್ರ ಇಲ್ಲಿ ಬರೆದಿಡುತ್ತೇನೆ. ಬೇರೆಲ್ಲೂ ಹೇಳುವಂತಿಲ್ಲ.

ಒಂದು — ಈ ಪ್ರವಾಸ ಏಪ್ರಿಲ್‌ನಲ್ಲಿ, ನನ್ನ ತವರೂರು ಪ್ಲೊವ್‌ದಿವ್‌ಗೆ ಎಂದಿತ್ತು. ಮದುವೆಯಾದ ವಾರದಲ್ಲೇ ಡಿಸೆಂಬರ್, ರೂಸೆ ಎಂದು ಬದಲಾಯಿಸಿದ. ಯಾಕೆ ಎಂದರೆ 'ಚಳಿಗಾಲದಲ್ಲಿ ಕಾಗದಗಳು ಹೆಚ್ಚು' ಅಂದ.

ಇನ್ನೊಂದು — ಮದುವೆಯ ಬೂಟುಗಳನ್ನು ಬ್ಯಾಗಿನ ತಳದಲ್ಲಿ ಸ್ವೆಟರಿನೊಳಗೆ ಸುತ್ತಿಟ್ಟಿದ್ದಾನೆ. ಕೆಸರು ತುಳಿಯುವ ಪ್ರವಾಸಕ್ಕೆ ಮದುವೆಯ ಬೂಟು?

ಅತ್ತೆಗೆ ಫೋನ್ ಮಾಡಿ ರೂಸೆಗೆ ಹೋಗುತ್ತಿದ್ದೇವೆ ಅಂದೆ. ಯಾಕೆ ಎಂದೂ ಕೇಳದೆ, ಒಲೆ ಮೇಲೆ ಏನೋ ಇದೆ ಎಂದು ಇಟ್ಟುಬಿಟ್ಟರು.

ಡಿಸೆಂಬರ್ 9, ಸೋಮವಾರ. ರೂಸೆ, ಸಂಜೆ ಆರು

ಐದು ಗಂಟೆ ಬಸ್ಸು. ಇಡೀ ದಾರಿ ಅವನ ಭುಜದ ಮೇಲೆ ತಲೆ. ಹಿಂದಿನ ಸೀಟಿನಲ್ಲಿ ಗಾಲಿನ್ — ನಮ್ಮ ಗುಂಪಿನ ಹೊಟ್ಟೆಬಾಕ, ಸಿಕ್ಕವರನ್ನೆಲ್ಲ ರೇಗಿಸುವವನು — ನಮ್ಮನ್ನು ನೋಡಿ ತನಗೆ ಹಲ್ಲು ನೋವು ಬರುತ್ತಿದೆ, ಅಷ್ಟು ಸಿಹಿ ಅಂದ.

ಇಳಿದಿರುವುದು ಪೆಂಕಾ ಚಿಕ್ಕಮ್ಮನ ಮನೆಯಲ್ಲಿ. ನೆಂಟರಲ್ಲ, ಊರಿಗೆಲ್ಲ ಚಿಕ್ಕಮ್ಮ. ವಿಧವೆ, ದಪ್ಪಗಿದ್ದಾರೆ, ಮೇಲಿನ ಎರಡು ಅಂತಸ್ತು ಬಾಡಿಗೆಗೆ ಕೊಡುತ್ತಾರೆ. ಬಾಗಿಲ ಪಕ್ಕದ ಮೊಳೆಗೆ ಅವರ ಕಪ್ಪು ಕೋಟು ನೇತುಬಿದ್ದಿದೆ, ನನ್ನದನ್ನು ಪಕ್ಕದ ಮೊಳೆಗೆ ಹಾಕಿದರು. ನನ್ನದು ಜಾತ್ರೆಗೆ ಬಂದ ಹಾಗೆ ಕಾಣಿಸಿತು. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ತಿಂಗಳು, ಮಾಂಸವಿಲ್ಲ, ಬರೀ ಬೀನ್ಸ್ ಕಾಳಿನ ಸೂಪು, ಕೋಸಿನ ಉಪ್ಪಿನಕಾಯಿ. ಗಾಲಿನ್ ಅಳುವುದೊಂದು ಬಾಕಿ.

ಊಟದ ಮೊದಲು ಕಾಮೆನ್ ಹುಡುಗರಿಗೆ ನಿಯಮ ಹೇಳಿದ. ಫೋಟೋ ತೆಗೆಯಬಹುದು. ಮುಟ್ಟಬಾರದು. ಹರಿಯುವುದಂತೂ ಇಲ್ಲವೇ ಇಲ್ಲ. ಮಳೆ ತೆಗೆಯಬೇಕು, ಗಾಳಿ ತೆಗೆಯಬೇಕು, ಮನುಷ್ಯನ ಕೈ ತೆಗೆಯಬಾರದು ಅಂದ. ನನಗೆ ಅವನನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು.

ಆಮೇಲೆ ಮ್ಯಾಪ್ ಹರಡಿದ. ಪ್ರತಿಯೊಬ್ಬರಿಗೂ ಎರಡು ಬೀದಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಎಲ್ಲ ಬಣ್ಣಗಳ ನಡುವೆ ನದಿಯ ಕಡೆಗೆ ಇಳಿಯುವ ಒಂದು ಗಿಡ್ಡ ಬೀದಿ ಮಾತ್ರ ಬಿಳಿ ಉಳಿದಿದೆ. ಹಗ್ಗ ಹೊಸೆಯುವವರ ಬೀದಿ. ಸ್ನೇಝಿನಾ — ಕನ್ನಡಕದ ಹುಡುಗಿ, ಎಲ್ಲರಿಗಿಂತ ಚುರುಕು — ಇದು ಯಾರಿಗೆ ಎಂದು ಕೇಳಿದಳು. ಅಲ್ಲೇನೂ ಇಲ್ಲ, ಬರೀ ಗೋದಾಮು ಅಂದ. ಮ್ಯಾಪ್ ನೋಡದೆಯೇ ಅಂದ.

ಈ ಊರಿಗೆ ಹಿಂದೆ ಬಂದಿಲ್ಲ ಎಂದು ನನಗೆ ಹೇಳಿದ್ದ.

ಡಿಸೆಂಬರ್ 10, ಮಂಗಳವಾರ. ಮಧ್ಯಾಹ್ನ ಮೂರು

ನಂಬರ್ ಹಾಕುತ್ತಾ ಕೂತಿದ್ದೇನೆ. ನಿನ್ನೆ ಸಂಜೆಯೇ ಹುಡುಗರು ಒಂದು ಸುತ್ತು ಹೋಗಿ ನಲವತ್ತನಾಲ್ಕು ಫೋಟೋ ತಂದಿದ್ದರು. ಮಲಗುವ ಮೊದಲು ಎಲ್ಲವನ್ನೂ ಎಣಿಸಿ, ಕಂಪ್ಯೂಟರಿಗೆ ಹಾಕಿ, ಪಟ್ಟಿ ಬರೆದಿದ್ದೆ. ಇವತ್ತು ನೋಡಿದರೆ ನಲವತ್ತಮೂರು. ಮೂವತ್ತು ಇದೆ. ಮೂವತ್ತೆರಡು ಇದೆ. ಮೂವತ್ತೊಂದು ಇಲ್ಲ.

ನನ್ನ ತಪ್ಪೇ ಇರಬಹುದೆಂದು ಮೂರು ಸಲ ನೋಡಿದೆ. ಪಟ್ಟಿಯಲ್ಲಿ ನನ್ನದೇ ಕೈಬರಹ — '31, ಗಾಲಿನ್, ಹಗ್ಗ ಹೊಸೆಯುವವರ ಬೀದಿ, ಮನೆ 17.' ಹೆಸರು ಬರೆದುಕೊಂಡಿರಲಿಲ್ಲ. ಹೆಸರುಗಳನ್ನು ಓದುವುದು ಎರಡನೇ ಸುತ್ತಿನ ಕೆಲಸ.

ಗಾಲಿನ್‌ನನ್ನು ಅಡುಗೆಮನೆಯಲ್ಲಿ ಹಿಡಿದೆ. ಆ ಬೀದಿ ನಿನ್ನದಲ್ಲವಲ್ಲ ಅಂದೆ. ಬೇಕರಿ ವಾಸನೆ ಹಿಡಿದು ಇಳಿದೆ ಅಂದ, ಗೋದಾಮು ಒಂದೂ ಇಲ್ಲವಂತೆ, ಪೂರ್ತಿ ಮನೆಗಳು. ಮತ್ತೆ ಫೋಟೋ?

"ಬೆಳಿಗ್ಗೆ ಸರ್ ಬಂದ್ರು. ಮಸುಕಾಗಿದೆ, ಫೋನಿಂದಾನೂ ಅಳಿಸು ಅಂದ್ರು. ಮಸುಕಾಗಿರ್ಲಿಲ್ಲ ಮೇಡಂ. ಆದ್ರೆ ಹಾಗಂತ ಹೇಳಿದ್ರೆ ನನ್ನ ಮಾರ್ಕ್ಸ್ ಮಸುಕಾಗುತ್ತೆ."

ಯಾರ ಕಾಗದ ಎಂದು ಕೇಳಿದೆ. ಓದುವುದು ಸ್ನೇಝಿನಾ ಕೆಲಸ, ತನ್ನದು ತೆಗೆಯುವುದಷ್ಟೇ ಅಂದ. ಯಾರೋ ಮುದುಕ, ಎರಡು ದೊಡ್ಡ ಕಿವಿ. ಅಷ್ಟೇ ನೆನಪು.

ಅದೇ ದಿನ, ಊಟದ ನಂತರ

ಪೆಂಕಾ ಚಿಕ್ಕಮ್ಮ ಬಿಸಿ ವೈನ್ ಹಾಕಿಕೊಟ್ಟರು. ಹುಡುಗರು ಒಂದು ಕಾಗದದ ಬಗ್ಗೆ ಮಾತಾಡುತ್ತಿದ್ದರು, ಅಣ್ಣ ಸತ್ತು ತಂಗಿಯ ನಿಶ್ಚಿತಾರ್ಥ ನಿಂತ ಕಥೆ. ಚಿಕ್ಕಮ್ಮ ತಮ್ಮ ಕಥೆ ತೆಗೆದರು.

"ನನ್ನ ಮದುವೆಗೆ ಎರಡು ವಾರ ಇತ್ತು ನೋಡಿ, ಮಾವ ಹೋಗ್ಬಿಟ್ರು. ಒಂದು ವರ್ಷ ಮುಂದಕ್ಕೆ. ಆ ವರ್ಷದಲ್ಲಿ ಬುದ್ಧಿ ಬಂದು ಬೇರೆಯವನ್ನ ನೋಡ್ಕೋಬೇಕಿತ್ತು, ಬರ್ಲಿಲ್ಲ."

ಮುಂದಕ್ಕೆ ಹಾಕದಿದ್ದರೆ ಏನಾಗುತ್ತಿತ್ತು ಎಂದು ಗಾಲಿನ್ ಕೇಳಿದ.

"ಏನಾಗ್ತಿತ್ತು? ಬಂದೋರು ಊಟ ಮಾಡ್ತಿದ್ರು, ಕುಣೀತಿರ್ಲಿಲ್ಲ. ಗೋರಿ ಮಣ್ಣು ಆರೋಕೆ ಮುಂಚೆ ಕುಣಿದ್ರು ಅಂತ ಸಾಯೋವರೆಗೂ ಆಡ್ಕೋತಿದ್ರು. ಅಂಥ ಮದುವೆ ನಿಲ್ಲೋದೂ ಇಲ್ಲ ಅಂತಾರೆ."

ಎಲ್ಲರೂ ನಕ್ಕರು. ಕಾಮೆನ್ ನೀರು ತರುತ್ತೇನೆಂದು ಎದ್ದು ಹೋದ. ಹೂಜಿ ಮೇಜಿನ ಮೇಲೇ ಇತ್ತು, ತುಂಬಿತ್ತು.

ಸ್ನೇಝಿನಾ ನನ್ನನ್ನು ನೋಡಿದಳು. ನಾನು ನನ್ನ ಉಂಗುರ ನೋಡಿದೆ.

ಡಿಸೆಂಬರ್ 11, ಬುಧವಾರ. ಸಂಜೆ ಐದೂವರೆ

ಬರೆಯಲೇಬೇಕು, ಇಲ್ಲದಿದ್ದರೆ ಕಿರುಚಿಬಿಡುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಹುಡುಗರೆಲ್ಲ ಅವರವರ ಬೀದಿಗೆ ಹೋದರು. ಕಾಮೆನ್ ಲೈಬ್ರರಿ ಎಂದು ಹೊರಟ. ನಾನು ಎಣಿಸಿದೆ, ನೂರರವರೆಗೆ, ಚಿಕ್ಕ ಮಕ್ಕಳ ಹಾಗೆ. ಆಮೇಲೆ ಹಿಂದೆ ಹೋದೆ. ಇಂಗ್ಲಿಷ್ ಸ್ಕೂಲಿನಲ್ಲಿ ಓದಿದ ಹುಡುಗಿ, ಪತ್ತೇದಾರಿ ಪುಸ್ತಕಗಳನ್ನೆಲ್ಲ ತಿಂದು ತೇಗಿದವಳು, ಮಂಜಿನ ಊರಿನಲ್ಲಿ ಬೆಂಕಿ ಬಣ್ಣದ ಕೋಟು ಹಾಕಿಕೊಂಡು ಗಂಡನ ಹಿಂದೆ. ನಗು ಬರಬೇಕಿತ್ತು.

ಲೈಬ್ರರಿ ದಾಟಿ ನೇರ ಹೋದ. ಟ್ರಾಲಿಬಸ್ ಸ್ಟಾಪಿನ ಹತ್ತಿರ ನಿಂತ, ಕಂಬಕ್ಕೆ ಅಂಟಿಸಿದ್ದ ಒಂದು ಕಾಗದವನ್ನು ನೋಡಿದ. ಓದುತ್ತಿದ್ದಾನೆ ಎಂದುಕೊಂಡೆ. ಉಗುರಿನಿಂದ ಅಂಚು ಬಿಡಿಸಿದ. ಮೆಲ್ಲಗೆ. ಪೂರ್ತಿ ತೆಗೆದು, ಮಡಚಿ, ಎದೆಯ ಜೇಬಿಗೆ ಹಾಕಿಕೊಂಡ.

ಮನುಷ್ಯನ ಕೈ ತೆಗೆಯಬಾರದು ಅಂದವನು.

ಆಮೇಲೆ ಹಗ್ಗ ಹೊಸೆಯುವವರ ಬೀದಿಗೆ ಇಳಿದ. ಮನೆ ಹುಡುಕಲಿಲ್ಲ, ನಂಬರ್ ನೋಡಲಿಲ್ಲ. ಹದಿನೇಳರ ಬಾಗಿಲು ತಟ್ಟಿದ. ಒಬ್ಬ ಹೆಂಗಸು ತೆರೆದಳು. ನನ್ನಷ್ಟೇ ವಯಸ್ಸು, ಎರಡು ವರ್ಷ ಕಡಿಮೆಯೇ ಇರಬಹುದು. ಕಪ್ಪು ಸ್ವೆಟರ್, ಕಪ್ಪು ಸ್ಕರ್ಟು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಬಗ್ಗಿದ, ಹಣೆಗೆ ಹಣೆ ಇಟ್ಟ. ಹಾಗೇ ನಿಂತರು. ನಾನು ಹದಿನೆಂಟರವರೆಗೆ ಎಣಿಸಿದೆ.

ಒಳಗೆ ಹೋಗುವಾಗ ಅವಳು ಬೀದಿಯ ಮೇಲ್ಗಡೆ ನೋಡಿದಳು. ಕಣ್ಣು ನನ್ನ ಮೇಲೆ ನಿಂತ ಹಾಗಾಯಿತು. ಗೋಡೆಗೆ ಒತ್ತಿಕೊಂಡೆ. ಬಿಳಿ ಗೋಡೆಗೆ ಕೆಂಪು ಕೋಟು.

ಬಾಗಿಲು ಮುಚ್ಚಿದ ಮೇಲೆ ಹತ್ತಿರ ಹೋಗಿ ನೋಡಿದೆ. ಬಾಗಿಲ ಮೇಲೆ ಕಾಗದವಿಲ್ಲ. ನಾಲ್ಕು ಮೂಲೆ ಮಾತ್ರ ಟೇಪಿನಡಿ ಉಳಿದಿವೆ. ಟೇಪು ಹೊಸದು, ಹೊಳೆಯುತ್ತಿದೆ. ಒಂದು ಮೂಲೆಯಲ್ಲಿ ಕಪ್ಪು ಅಂಚಿನ ತುಂಡು.

ಎಲ್ಲ ಕೂಡಿಸಿದರೆ ಏನಾಗುತ್ತದೆ. ವಯಸ್ಸಾದ ಗಂಡ, ದೊಡ್ಡ ಕಿವಿಯವನು, ಸತ್ತಿದ್ದಾನೆ. ಹೆಂಡತಿ ಚಿಕ್ಕವಳು, ಕಪ್ಪುಬಟ್ಟೆಯಲ್ಲಿದ್ದಾಳೆ. ಈ ಊರಿಗೇ ಬಂದಿಲ್ಲ ಎನ್ನುವ ನನ್ನ ಗಂಡನಿಗೆ ಆ ಮನೆಯ ಬಾಗಿಲು ಗೊತ್ತು.

ಹಳೆಯದೂ ಒಂದೊಂದಾಗಿ ಎದ್ದು ಬರುತ್ತಿದೆ. ಮದುವೆಗೆ ನಾಲ್ಕು ದಿನ ಇರುವಾಗ, ಬುಧವಾರ ಸಂಜೆ, ಬಾಗಿಲಲ್ಲಿ ನಿಂತುಕೊಂಡೇ ಕೇಳಿದ್ದ, ಎಲಿ, ಮದುವೆ ಸ್ವಲ್ಪ ಮುಂದಕ್ಕೆ ಹಾಕಿದರೆ ಹೇಗೆ ಎಂದು. ನಾನು ಕೈಯಲ್ಲಿದ್ದ ಅತಿಥಿಗಳ ಪಟ್ಟಿ ಎಸೆದೆ. ಅಳು ಬಂತು. ಹದಿನೈದಕ್ಕೆ ಉಪವಾಸ ಶುರು, ಆಮೇಲೆ ಚರ್ಚಿನಲ್ಲಿ ಮದುವೆ ಇಲ್ಲ, ಚಳಿಗಾಲ ದಾಟುವುದು ಅನುಮಾನ ಎಂದು ಅಜ್ಜಿಗೆ ಡಾಕ್ಟರ್ ಹೇಳಿದ್ದಾರೆ, ಒಂದು ದಿನ ಮುಂದೆ ಹೋದರೂ ನಿನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಅಂದೆ. ತಮಾಷೆಗೆ ಕೇಳಿದೆ ಎಂದು ನನ್ನ ಕೂದಲು ಸವರಿದ.

ಶುಕ್ರವಾರ, ಹಳ್ಳಿಯಿಂದ ಮದುವೆಗೆ ವೈನ್ ತರುತ್ತೇನೆಂದು ಬೆಳಿಗ್ಗೆ ಹೋದವನು ಕತ್ತಲಾದ ಮೇಲೆ ಬಂದ. ಅಂಗಡಿಯ ವೈನ್ ತಂದಿದ್ದ. ಟೈರ್ ಪಂಕ್ಚರ್ ಅಂದ. ಹೊಸ ಬೂಟು ಹಾಕಿಕೊಂಡು ಹೋಗಿದ್ದ, ಮೇಲೆಲ್ಲ ಹಳದಿ ಮಣ್ಣು. ಮದುವೆಯ ಬೂಟು ಎಂದು ನಾನು ಕೂಗಾಡಿದೆ. ಸುಮ್ಮನೆ ಹೊರಗೆ ಕೂತು ತಾನೇ ಒರೆಸಿದ.

ಅವತ್ತು ಇಲ್ಲಿಗೆ ಬಂದಿದ್ದ. ಇವಳ ಹತ್ತಿರ. ವಿದಾಯ ಹೇಳಲು ಬಂದು, ಹೇಳಲಾಗದೆ ಹೋದ.

ಇವತ್ತು ನಾಲ್ಕಕ್ಕೆ ವಾಪಸ್ ಬಂದ. ನನಗೆಂದು ಬಿಸಿ ಬಾನಿತ್ಸಾ ತಂದಿದ್ದ, ಕುಂಬಳಕಾಯಿ ತುಂಬಿದ್ದು, ಆ ಬೀದಿಯ ಬೇಕರಿಯದೇ ಇರಬೇಕು. ಎಲ್ಲಿ ಹೋಗಿದ್ದೆ ಎಂದು ಕೇಳಿದ. ಎಲ್ಲೂ ಇಲ್ಲ ಅಂದೆ. ಲೈಬ್ರರಿ ಹೇಗಿತ್ತು ಎಂದು ಕೇಳಿದೆ. ತಣ್ಣಗಿತ್ತು ಅಂದ.

ಇಬ್ಬರೂ ಬಾನಿತ್ಸಾ ತಿಂದೆವು. ರುಚಿಯಾಗಿತ್ತು. ಅದಕ್ಕೇ ಇನ್ನಷ್ಟು ಅಳು ಬಂತು.

ಡಿಸೆಂಬರ್ 13, ಶುಕ್ರವಾರ. ಮಧ್ಯಾಹ್ನ ಎರಡು

ನಿನ್ನೆ ಬರೆಯಲಿಲ್ಲ. ಇಡೀ ದಿನ ತಲೆನೋವು ಎಂದು ಮಲಗಿದ್ದೆ. ಕಾಮೆನ್ ಮೂರು ಸಲ ಬಂದು ಹಣೆ ಮುಟ್ಟಿ ನೋಡಿದ. ಮುಟ್ಟಿದಾಗಲೆಲ್ಲ ಆ ಹೆಂಗಸಿನ ಕೈ ನೆನಪಾಯಿತು.

ಇವತ್ತು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹುಡುಗರಿಗೆ ಹೇಳಿದ, ನಾಳೆ ಶನಿವಾರ ನಿಮಗೆ ರಜೆ, ಸೇತುವೆ ನೋಡಿ ಬನ್ನಿ, ನನಗೆ ಹನ್ನೊಂದಕ್ಕೆ ಹಳೆ ದಾಖಲೆಗಳ ಆರ್ಕೈವ್‌ನವರೊಬ್ಬರನ್ನು ನೋಡಬೇಕು ಎಂದು. ಶನಿವಾರ ಯಾವ ಆರ್ಕೈವ್ ತೆರೆದಿರುತ್ತದೆ ಎಂದು ಸ್ನೇಝಿನಾ ಕೇಳಿದಳು. ಮನೆಯಲ್ಲೇ ಭೇಟಿ ಅಂದ. ಎಷ್ಟು ಸಲೀಸು.

ಹತ್ತಕ್ಕೆ ಒಬ್ಬಳೇ ಹೊರಗೆ ಬಂದೆ. ಹದಿನೇಳರ ಬಾಗಿಲು ತಟ್ಟಿ ಕೇಳಿಯೇಬಿಡುವುದು, ಯಾರು ನೀನು, ನನ್ನ ಗಂಡನಿಗೆ ಏನಾಗಬೇಕು ಎಂದು. ದಾರಿಯಲ್ಲಿ ಇಂಗ್ಲಿಷಿನಲ್ಲೂ ಒಮ್ಮೆ ಪ್ರ್ಯಾಕ್ಟೀಸ್ ಮಾಡಿದೆ, ಕೋಪ ಬಂದರೆ ನನಗೆ ಆ ಭಾಷೆಯೇ ಸಲೀಸು. ಬೀದಿಯ ತಲೆಯಲ್ಲಿ ಚಿಕ್ಕ ಚರ್ಚು. ಪಕ್ಕದ ಗೋಡೆಯಲ್ಲಿ ಗಾಜು ಹಾಕಿ ಬೀಗ ಹಾಕಿದ ಹಲಗೆ, ಸಾವಿನ ಕಾಗದಗಳಿಗೆಂದೇ. ಗಾಜಿರುವ ಕಡೆ ಉಗುರು ನಡೆಯುವುದಿಲ್ಲ.

ಮೊದಲು ಕಂಡದ್ದು ಕಿವಿಗಳು.

ಆ ಕಿವಿಗಳನ್ನು ನಾನು ದಿನಾ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತೇನೆ. ಮೇಲ್ತುದಿ ಸ್ವಲ್ಪ ಮಡಚಿಕೊಂಡ ಹಾಗೆ. ಮದುವೆಗೆ ಮೊದಲು ಅದೇ ಒಂದು ಕಾರಣಕ್ಕೆ ಅವನು ಕೂದಲು ಉದ್ದ ಬಿಟ್ಟಿದ್ದ.

ಇಲ್ಲಿ ಇದ್ದ ಹಾಗೇ ಬರೆದುಕೊಳ್ಳುತ್ತೇನೆ.

'ನಲವತ್ತು ದಿನಗಳು. ನಮ್ಮ ಪ್ರೀತಿಯ ಲ್ಯುಬೆನ್ ಆಸೆನೊವ್ ದೋಚೆವ್, 66 ವರ್ಷ, ಹಡಗಿನ ಮೆಕ್ಯಾನಿಕ್, ನಮ್ಮನ್ನಗಲಿದ್ದಾರೆ. ಡಿಸೆಂಬರ್ 15ಕ್ಕೆ ನಲವತ್ತನೇ ದಿನ, ಅದರ ಮುನ್ನಾದಿನ ಶನಿವಾರ ಹನ್ನೊಂದು ಗಂಟೆಗೆ ಗೋರಿಯ ಬಳಿ ನೆನೆಯುತ್ತೇವೆ. ದುಃಖತಪ್ತರು: ಮಗಳು ದರಿನಾ, ಮಗ ಕಾಮೆನ್, ಸೊಸೆ ಎಲಿತ್ಸಾ.'

ಸೊಸೆ ಎಲಿತ್ಸಾ.

ಅಚ್ಚಿನಲ್ಲಿ ನನ್ನ ಹೆಸರನ್ನು ದೋಚೆವ್ ಮನೆಯವರ ನಡುವೆ ನೋಡಿದ್ದು ಇದೇ ಮೊದಲು. ಮದುವೆಯ ಪತ್ರದಲ್ಲೂ ಹಳೆಯ ಹೆಸರೇ ಇತ್ತು. ಮುಖವನ್ನೇ ನೋಡದ ಒಬ್ಬ ಮನುಷ್ಯನಿಗೆ ನಾನು ಗಾಜಿನೊಳಗೆ ಅಳುತ್ತಿದ್ದೇನೆ. ಹೊರಗೆ ಇನ್ನೂ ಶುರು ಮಾಡಿಲ್ಲ.

ಕಾಮೆನ್‌ಗೆ ಆರು ವರ್ಷವಿದ್ದಾಗ ಅಪ್ಪ ತೀರಿಕೊಂಡರು — ಅವನೂ ಹೇಳಿದ್ದು ಅದೇ, ಅತ್ತೆಯೂ ಹೇಳಿದ್ದು ಅದೇ. ಅತ್ತೆಯ ಗೋಡೆಯ ಮೇಲೆ ಅವರ ಫೋಟೋ ಇಲ್ಲದಿರುವುದು ದುಃಖಕ್ಕೆ ಎಂದುಕೊಂಡಿದ್ದೆ. ಸತ್ತಿರಲಿಲ್ಲ. ಬೇರೆ ಸಂಸಾರ ಕಟ್ಟಿಕೊಂಡು ಈ ಬೀದಿಯಲ್ಲಿ ಇದ್ದರು. ಆ ಹೆಂಗಸು ಬೇರೆ ಹೆಣ್ಣಲ್ಲ, ನನ್ನ ನಾದಿನಿ.

ಚರ್ಚಿನ ಮೆಟ್ಟಿಲ ಮೇಲೆ ಕೂತು ಬೆರಳಿನಲ್ಲಿ ಎಣಿಸಿದೆ. ನಲವತ್ತು ತುಂಬುವುದು ಭಾನುವಾರ ಹದಿನೈದಕ್ಕೆ, ಗೋರಿಗೆ ಹೋಗುವುದು ಅದರ ಹಿಂದಿನ ಶನಿವಾರ. ಹದಿನೈದನ್ನೂ ಸೇರಿಸಿ ಹಿಂದಕ್ಕೆ ನಲವತ್ತು. ಮೂರು ಸಲ ಎಣಿಸಿದೆ. ನವೆಂಬರ್ ಆರು. ಬುಧವಾರ.

ನನ್ನ ಮದುವೆ ಹತ್ತಕ್ಕೆ.

ಎಲಿ, ಮದುವೆ ಸ್ವಲ್ಪ ಮುಂದಕ್ಕೆ ಹಾಕಿದರೆ ಹೇಗೆ.

ಶುಕ್ರವಾರದ ವೈನ್. ಹಳದಿ ಮಣ್ಣು. ಅವನ ಹತ್ತಿರ ಇದ್ದದ್ದು ಒಂದೇ ಜೊತೆ ಒಳ್ಳೆಯ ಬೂಟು. ಅಪ್ಪನನ್ನು ಮಣ್ಣು ಮಾಡಲು ಹೋಗುವಾಗ ಅದನ್ನಲ್ಲದೆ ಇನ್ನೇನು ಹಾಕಿಕೊಳ್ಳುತ್ತಾನೆ. ಭಾನುವಾರ ಅದೇ ಬೂಟಿನಲ್ಲಿ ಚರ್ಚಿಗೆ ಬಂದ. ಮೊದಲು ಕಾಲು ತುಳಿದವರದೇ ಮನೆಯಲ್ಲಿ ಮೇಲುಗೈ ಎಂದು ಗೆಳತಿಯರೆಲ್ಲ ಹೇಳಿಕೊಟ್ಟಿದ್ದರು. ಪಾದ್ರಿ ಇನ್ನೂ ಪ್ರಾರ್ಥನೆ ಹೇಳುತ್ತಿರುವಾಗಲೇ ನಾನು ಹಿಮ್ಮಡಿಯಿಂದ ಅವನ ಎಡ ಬೂಟು ಜಜ್ಜಿದೆ. ಎಲ್ಲರೂ ನಕ್ಕರು. ಅವನು ಕಾಲು ಎಳೆದುಕೊಳ್ಳಲೇ ಇಲ್ಲ.

ಊಟದಲ್ಲಿ, ಸತ್ತವರಿಗೆ ಹನಿಸುವ ಪದ್ಧತಿಯಂತೆ, ಅಪ್ಪನಿಗೆಂದು ನೆಲಕ್ಕೆ ವೈನ್ ಹನಿಸಿದ. ಅರ್ಧ ಗ್ಲಾಸು ಸುರಿದುಬಿಟ್ಟ. ಅತ್ತೆ ಮುಖ ತಿರುಗಿಸಿದರು. ಅವರಿಗೂ ಸಾವಿನ ಸುದ್ದಿ ಹೇಳಿರಲಿಲ್ಲ ಎಂದು ಈಗ ಅನಿಸುತ್ತಿದೆ. ಆಮೇಲೆ ನಾನು ಕೈ ಹಿಡಿದೆಳೆದೆ, ಕುಣಿಯುವವರ ಸಾಲಿನ ತಲೆಗೆ ನಿಲ್ಲಿಸಿದೆ. ಎರಡು ಗಂಟೆ ಕುಣಿದ. ಮುಖವೆಲ್ಲ ಒದ್ದೆಯಾಗಿತ್ತು. ಬೆವರು ಎಂದುಕೊಂಡೆ. ನನ್ನ ಕರ್ಚೀಫಿನಲ್ಲೇ ಒರೆಸಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು.

ಗೋರಿ ಮಣ್ಣು ಆರೋಕೆ ಮುಂಚೆ.

ಸಂಜೆ ನಾಲ್ಕು

ಅಯ್ಯೋ ಪಾಪ ಎನ್ನಬೇಕು. ಎನ್ನುತ್ತಿದ್ದೇನೆ. ಆದರೆ ಅದರ ಕೆಳಗೆ ಇನ್ನೊಂದಿದೆ, ಅದು ಕರಗುತ್ತಿಲ್ಲ.

ಬೇರೆ ಹೆಣ್ಣಿಲ್ಲ. ಸರಿ. ಆದರೆ ಅಪ್ಪ ಸತ್ತ ವಾರದಲ್ಲಿ ಪಂಕ್ಚರ್ ಕಥೆ ಕಟ್ಟಬಲ್ಲವನು, ಕಣ್ಣೆದುರಿಗಿದ್ದ ಬೀದಿಯನ್ನು ಗೋದಾಮು ಮಾಡಬಲ್ಲವನು, ತನ್ನದೇ ನಿಯಮ ಮುರಿದು ಅಪ್ಪನ ಮುಖವನ್ನು ಕಂಬದಿಂದ ಕೀಳಬಲ್ಲವನು — ಇಷ್ಟು ಚೆನ್ನಾಗಿ ಮುಚ್ಚಿಡಲು ಬರುವವನ ಪಕ್ಕದಲ್ಲಿ ಇನ್ನು ನಲವತ್ತು ವರ್ಷ ಹೇಗೆ ಮಲಗುವುದು? 'ಚೆನ್ನಾಗಿದ್ದೇನೆ' ಎಂದಾಗಲೆಲ್ಲ ಬೂಟು ನೋಡಬೇಕೇ?

ನನ್ನ ಹೆಸರನ್ನು ದರಿನಾ ಹಾಕಿದ್ದಾಳೆ. ಅದು ನನಗೆ ಖಚಿತ. ಅವನು ಹಾಕಿಸಿದ್ದಲ್ಲ, ಹಾಕಿಸಿದ್ದರೆ ಕೀಳುತ್ತಿರಲಿಲ್ಲ. ನನ್ನನ್ನು ಕಂಡೂ ಇರದ ಒಬ್ಬಳು ನನ್ನನ್ನು ಮನೆಯವಳು ಎಂದು ಲೆಕ್ಕಕ್ಕೆ ತೆಗೆದುಕೊಂಡಳು. ಗಂಡ ತೆಗೆದುಕೊಳ್ಳಲಿಲ್ಲ.

ಅಮ್ಮನಿಗೆ ಫೋನ್ ಮಾಡಬೇಕೆಂದು ಕೈಗೆತ್ತಿಕೊಂಡೆ. ಅಮ್ಮ ಮೊದಲು ಕೇಳುವುದೇ, ಅಂದರೆ ನಿಮ್ಮ ಮದುವೆ ಶೋಕದಲ್ಲಿ ನಡೆಯಿತಾ ಎಂದು. ಆಮೇಲೆ ಅಜ್ಜಿಗೆ ಗೊತ್ತಾಗುತ್ತದೆ. ಅಜ್ಜಿ ಇನ್ನೂ ಆ ದಿನದ ಫೋಟೋ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ಫೋನ್ ಕೆಳಗಿಟ್ಟೆ.

ಕೇಳಬಾರದು ಎಂದು ತೀರ್ಮಾನ ಮಾಡಿದ್ದೇನೆ. ಕೇಳಿದರೆ ಹೇಳಿಯಾನು. ಕೇಳಿದ ಮೇಲೆ ಹೇಳುವುದು ಬೇರೆ. ಅವನೇ ಹೇಳಬೇಕು. ನಾಳೆ ಬೆಳಿಗ್ಗೆ ಹೊರಡುವವರೆಗೆ ಸಮಯ. ನಾಳೆಯೂ ಬಾಯಲ್ಲಿ ಆರ್ಕೈವ್ ಎಂದು ಬಂದರೆ ಹನ್ನೆರಡರ ಬಸ್ಸಿದೆ, ಪ್ಲೊವ್‌ದಿವ್‌ಗೆ. ಹಿಂದೆ ಬರುವುದು ಆಮೇಲೆ ನೋಡೋಣ. ಬರದೆಯೂ ಇರಬಹುದು.

ಸೂಟ್‌ಕೇಸ್ ಕಟ್ಟಿದೆ. ಈ ಸಲ ಒಂದೇ ಸಲಕ್ಕೆ ಎಲ್ಲ ಹಿಡಿಯಿತು.

ಡಿಸೆಂಬರ್ 14, ಶನಿವಾರ. ಬೆಳಿಗ್ಗೆ ಎಂಟೂವರೆ

ಹುಡುಗರು ಸೇತುವೆಗೆ ಹೋಗಿಯಾಯಿತು. ಗಾಲಿನ್ ನಾಲ್ಕು ಬ್ರೆಡ್ ಜೇಬಿಗಿಳಿಸಿದ್ದು ಪೆಂಕಾ ಚಿಕ್ಕಮ್ಮ ನೋಡಿದರು, ಇನ್ನೆರಡು ತಾವೇ ತುರುಕಿದರು.

ಕಾಮೆನ್ ಕೆಳಗೆ ಶೇವ್ ಮಾಡಿಕೊಳ್ಳುತ್ತಿದ್ದಾನೆ. ಬೂಟುಗಳನ್ನು ಸ್ವೆಟರಿನಿಂದ ತೆಗೆದು ಮಂಚದ ಪಕ್ಕ ಇಟ್ಟು ಹೋಗಿದ್ದಾನೆ. ಹೊಲಿಗೆಯಲ್ಲಿ ಇನ್ನೂ ಹಳದಿ ಮಣ್ಣು, ಗಟ್ಟಿಯಾಗಿದೆ. ಒರೆಸಿದಾಗ ಬಿಟ್ಟು ಹೋದದ್ದು. ಬಿಟ್ಟದ್ದೋ, ಉಳಿಸಿಕೊಂಡದ್ದೋ.

ಅಡುಗೆಮನೆಗೆ ಹೋಗಿ ಪಾಲಿಶ್ ಡಬ್ಬಿ ಕೇಳಿದೆ. ಚಿಕ್ಕಮ್ಮ ಒಲೆಯ ಮೇಲೆ ಗೋಧಿ ಬೇಯಿಸುತ್ತಿದ್ದರು. ಯಾರಿಗೆ ಎಂದೆ. ಗೋರಿಗೆ ಕೊಂಡುಹೋಗುವ ಗೋಧಿ ಯಾರಿಗೆಂದು ಬೇಯಿಸುತ್ತಾರೆ ಎಂದು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಅಂದರು,

"ಗುರುವಾರ ನೀನು ಮಲಗಿದ್ದಾಗ ನಿನ್ನ ಯಜಮಾನ ಬಂದು ಕೇಳ್ದ. ಗೋಧಿ ಬೇಯಿಸೋಕೆ ಬರುತ್ತಾ ಅಂತ. ಯಾರು ಅಂತ ನಾನೂ ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ. ಎಷ್ಟು ಬೇಯಿಸ್ಲಿ ಅಂದೆ. ಗೊತ್ತಿಲ್ಲ ಅಂದ. ಮದುಮಗ ಅಲ್ವಾ, ಇದೆಲ್ಲ ಕೇಳೋ ಮುಖ ಅಲ್ಲ ಅದು."

ಡಬ್ಬಿ ತೆಗೆದುಕೊಂಡು ಬಂದೆ.

ಯಾಕೆ ಪಾಲಿಶ್ ಮಾಡುತ್ತಿದ್ದೇನೋ ಗೊತ್ತಿಲ್ಲ. ಸೂಟ್‌ಕೇಸ್ ಬಾಗಿಲ ಹತ್ತಿರ, ಅದರ ಮೇಲೆ ಕೆಂಪು ಕೋಟು. ಸಿಟ್ಟಿನಲ್ಲೇ ತಿಕ್ಕುತ್ತಿದ್ದೇನೆ. ಬಲಗಾಲಿನದು ಮುಗಿಯಿತು. ಹೊಲಿಗೆಯ ಮಣ್ಣು ಮುಟ್ಟಲಿಲ್ಲ.

ಒಂಬತ್ತೂಕಾಲು

ಬಂದ. ಬಾಗಿಲಲ್ಲೇ ನಿಂತ. ಸೂಟ್‌ಕೇಸ್ ನೋಡಿದ, ನನ್ನ ಕೈಯಲ್ಲಿನ ಬೂಟು ನೋಡಿದ. ಗಲ್ಲದ ಮೇಲೆ ಸೋಪಿನ ನೊರೆ ಹಾಗೇ ಇತ್ತು. ನಾನು ತಲೆ ತಗ್ಗಿಸಿ ತಿಕ್ಕಿದೆ. ಕೇಳುವುದಿಲ್ಲ ಎಂದರೆ ಕೇಳುವುದಿಲ್ಲ. ಮನಸ್ಸಿನಲ್ಲಿ ಎಣಿಸಲು ಶುರು ಮಾಡಿದೆ.

ಮಂಚದ ತುದಿಯಲ್ಲಿ ಕೂತ. ಎದೆಯ ಜೇಬಿನಿಂದ ಮಡಚಿದ ಕಾಗದ ತೆಗೆದು ನನ್ನ ಪಕ್ಕ ಇಟ್ಟ. ಬಿಚ್ಚಲಿಲ್ಲ.

"ಬುಧವಾರ ದರಿನಾ ಹೇಳಿದ್ಲು. ಬೀದಿ ಮೇಲೆ ಒಂದು ಕೆಂಪು ಕೋಟು ನಿಂತಿದೆ ಅಂತ."

ನಾನು ಎಣಿಸುತ್ತಲೇ ಇದ್ದೆ. ಮೂವತ್ತೊಂದು, ಮೂವತ್ತೆರಡು. ಬುಧವಾರದಿಂದ ಗೊತ್ತು. ಗೊತ್ತಿದ್ದೂ ಬಾನಿತ್ಸಾ ತಂದ, ಗೊತ್ತಿದ್ದೂ ಲೈಬ್ರರಿ ತಣ್ಣಗಿತ್ತು ಅಂದ. ಇದಕ್ಕೆ ಲೆಕ್ಕ ಕೇಳುತ್ತೇನೆ, ಇವತ್ತಲ್ಲ, ಆದರೆ ಕೇಳದೆ ಬಿಡುವುದಿಲ್ಲ. ಅವನ ಕಿವಿಗಳು ಪೂರ್ತಿ ಕೆಂಪಾಗಿದ್ದವು. ನಲವತ್ತಕ್ಕೆ ಬಂದಿದ್ದೆನೋ ಏನೋ, ಆಗ ಕೇಳಿದ,

"ಎಲಿ, ಕಪ್ಪು ಕೋಟು ತಂದಿದ್ದೀಯಾ?"

ತಂದಿಲ್ಲ ಅಂದೆ. ಇರುವುದು ಅದೊಂದೇ ಅಂದೆ.

ಎದ್ದು ಕೆಳಗೆ ಹೋದ. ಚಿಕ್ಕಮ್ಮನ ಹತ್ತಿರ ಅವರ ಕೋಟು ಕೇಳುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ. ನನ್ನಂಥವರು ಇಬ್ಬರು ಹಿಡಿಯುತ್ತಾರೆ ಅದರಲ್ಲಿ. ಯಾರಿಗೆ ಎಂದು ಅವರು ಕೇಳಿದರು. ಈ ಸಲ ಹೇಳಿದ. ಅಪ್ಪನಿಗೆ ಅಂದ, ಜೋರಾಗಿಯೇ ಅಂದ, ನನ್ನ ಹೆಂಡತಿಯೂ ಬರುತ್ತಾಳೆ ಅಂದ.

ಮೆಟ್ಟಿಲ ಮೇಲೆ ಹೆಜ್ಜೆ. ಒಂದು ಬೂಟು ಇನ್ನೂ ಬಾಕಿ, ಎಡಗಾಲಿನದು, ನನ್ನ ಹಿಮ್ಮಡಿಯ ಗುರುತು ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ.